ಉಗುರುಸುತ್ತು: ನಿಂಬೆಹಣ್ಣಿಗೆ ಎರಡು ದಿನ, ಆಮೇಲೆ ಡಾಕ್ಟರ ಹತ್ತಿರ

ಕನ್ನಡದಲ್ಲಿ ಉಗುರುಸುತ್ತು, ತೆಲುಗಿನಲ್ಲಿ ಗೋರುಚುಟ್ಟು. ಎರಡೂ ಭಾಷೆಯವರು ಒಂದೇ ಬೆರಳು ನೋಡಿ ಹೆಸರಿಟ್ಟ ಹಾಗಿದೆ. ಉಗುರಿನ ಸುತ್ತ ಕೆಂಪಗೆ ಊದಿ, ಪಟಪಟ ಸಿಡಿದು, ರಾತ್ರಿ ನಿದ್ದೆ ಕೆಡಿಸುವ ಈ ಸಣ್ಣ ಕಾಯಿಲೆಯ ನೋವು ಸಣ್ಣದಲ್ಲ. 'ಗೋರುಚುಟ್ಟು ಮೀದ ರೋಕಟಿಪೋಟು' ಎಂದು ತೆಲುಗು ಗಾದೆ. ಉಗುರುಸುತ್ತಾದ ಬೆರಳಿನ ಮೇಲೆ ಒನಕೆ ಏಟು ಬಿದ್ದಂತೆ ಎಂದರ್ಥ. ಸಾಲ ಇರುವಾಗಲೇ ಬರ ಬಂದರೆ, ಮಡಕಶಿರಾ ಸೀಮೆಯ ನಾವು ಕನ್ನಡದವರೂ ಇದೇ ಗಾದೆ ಹೇಳಿ ನಿಟ್ಟುಸಿರು ಬಿಡುತ್ತೇವೆ.

ನಮ್ಮ ಕಡೆ ಈ ಕಾಯಿಲೆ ಬರುವ ದಾರಿ ಬಹಳ. ಶೇಂಗಾ ಕಿತ್ತು ಸುಲಿಯುವವರು, ಹುಣಸೆಹಣ್ಣಿನ ನಾರು ಬಿಡಿಸುವವರು, ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೀಳುವವರು, ಇವರ ಉಗುರಿನ ಅಂಚು ಸದಾ ಸೀಳಿರುತ್ತದೆ. ಮಂಡಿಯಲ್ಲಿ ಚೀಲ ಹೊಲಿಯುವವರಿಗೆ ದಬ್ಬಳ ಚುಚ್ಚುತ್ತದೆ. ಉಗುರು ಕಚ್ಚುವ ಮಕ್ಕಳ ಮಾತು ಬೇರೆ ಹೇಳಬೇಕಿಲ್ಲ. ಆ ಸೀಳಿನಲ್ಲಿ ಕ್ರಿಮಿ ಹೊಕ್ಕು ನಂಜಾಗುತ್ತದೆ. ಬಹಳ ಸಲ ಅದು ಸ್ಟ್ಯಾಫಿಲೊಕಾಕಸ್ ಎಂಬುದು. ನಮ್ಮ ಚರ್ಮದ ಮೇಲೆ, ಮೂಗಿನೊಳಗೆ ಇರುವಂಥದ್ದೇ.

ನಾನು ಎಸ್ಸೆಸ್ಸೆಲ್ಸಿ ಓದಿದ ರೈತ, ವೈದ್ಯನಲ್ಲ. ಆದರೆ ಮನೆಮದ್ದುಗಳನ್ನೆಲ್ಲ ಒಂದೇ ತಕ್ಕಡಿಗೆ ಹಾಕಬಾರದು ಎಂಬಷ್ಟು ಕಂಡಿದ್ದೇನೆ, ಕೇಳಿ ತಿಳಿದಿದ್ದೇನೆ. ನಂಜು ಹೊಸದಾಗಿದ್ದು ಕೀವು ಕಟ್ಟಿಲ್ಲವೆಂದರೆ ಎಲ್ಲಕ್ಕಿಂತ ಒಳ್ಳೆಯದು ಬಿಸಿನೀರು. ಕಾಸಿ ಆರಿಸಿದ, ಕೈಗೆ ಹಿತವಾಗುವಷ್ಟು ಬಿಸಿಯ ನೀರಿಗೆ ಸ್ವಲ್ಪ ಉಪ್ಪು ಹಾಕಿ, ದಿನಕ್ಕೆ ಮೂರು ನಾಲ್ಕು ಸಲ, 10ರಿಂದ 15 ನಿಮಿಷ ಬೆರಳು ಅದ್ದಿಡಬೇಕು. ಬಿಸಿಗೆ ರಕ್ತದ ಓಡಾಟ ಹೆಚ್ಚುತ್ತದೆ, ಊತ ಸಡಿಲವಾಗುತ್ತದೆ. ಆಮೇಲೆ ಒರೆಸಿ ಒಣಗಿಸಿ, ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿಟ್ಟುಕೊಂಡರೆ ಸಿಡಿತ ಕಡಿಮೆ. ಬಹಳ ಜನಕ್ಕೆ ಇಷ್ಟರಲ್ಲೇ ಇಳಿದುಹೋಗುತ್ತದೆ. 'ಉಗುರಲ್ಲಿ ಹೋಗೋದಕ್ಕೆ ಕೊಡಲಿ ಯಾಕೆ' ಎನ್ನುವ ಕನ್ನಡದ ಗಾದೆ ಇಲ್ಲಿಗೆ ಸರಿ.

ಇನ್ನು ನಿಂಬೆಹಣ್ಣು. ತೂತು ಕೊರೆದು ಬೆರಳಿಗೆ ಟೋಪಿ ಹಾಕಿದ ಹಾಗೆ ಸಿಕ್ಕಿಸುವುದು ಗಡಿಯ ಎರಡೂ ಕಡೆ ಉಂಟು. ತಣ್ಣಗೆ ಹಿತವೆನಿಸಬಹುದು, ಬೆರಳಿಗೆ ಏಟು ತಗುಲದಂತೆ ಕಾಯಲೂಬಹುದು. ಒಳಗಿನ ಕೀವನ್ನು ಅದು ಎಳೆಯಲಾರದು. ರಸ ಅಂಟಿದ ಕೈಯಲ್ಲೇ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಬೊಬ್ಬೆ ಏಳುವುದೂ ಉಂಟು. ಅರಿಶಿನ, ಗೋರಂಟಿಯನ್ನು ಸೀಳದ ಚರ್ಮಕ್ಕೆ ಹಚ್ಚಿದರೆ ಹೆಚ್ಚು ಕೆಡುಕಿಲ್ಲ. ಸುಣ್ಣ ಬೆರೆಸಿದರೆ ಮಾತ್ರ ಚರ್ಮ ಬೇಯುತ್ತದೆ. ಸಗಣಿ, ಮಣ್ಣು ಖಂಡಿತ ಬೇಡ. ಧನುರ್ವಾಯುವಿನ ಬೀಜ ಇರುವುದೇ ಅವುಗಳಲ್ಲಿ. ಬಟ್ಟೆಯನ್ನು ಬಿಗಿಯಾಗಿ ಸುತ್ತುವುದು, ದಬ್ಬಳದಿಂದಲೋ ಜಾಲಿಮುಳ್ಳಿನಿಂದಲೋ ಒಡೆಯುವುದು, ಇವೂ ಬೇಡ.

ಎರಡು ದಿನ ಕಳೆದರೂ ಇಳಿಯದಿದ್ದರೆ, ಇಲ್ಲವೇ ಉಗುರಿನ ಅಂಚಿನಲ್ಲಿ ಬೆಳ್ಳಗೆ ಕೀವು ಕಂಡರೆ, ಡಾಕ್ಟರ ಹತ್ತಿರ ಹೋಗಬೇಕು. ಅವರು ಬೆರಳಿನ ಬುಡಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಂಚು ಎತ್ತಿ ಕೀವು ತೆಗೆಯುತ್ತಾರೆ. ಕೆಲಸ ಕೆಲವೇ ನಿಮಿಷದ್ದು. ಕೀವು ಹೋದ ರಾತ್ರಿಯೇ ನಿದ್ದೆ ಬರುತ್ತದೆ. ಕೀವು ಕಟ್ಟಿದ ಮೇಲೆ ಮೆಡಿಕಲ್ ಶಾಪಿನ ನಾಲ್ಕು ಮಾತ್ರೆ ನುಂಗಿ ಸುಮ್ಮನಿದ್ದರೆ ಸಾಲದು. ಧನುರ್ವಾಯುವಿನ ಲಸಿಕೆ ಯಾವಾಗ ಹಾಕಿಸಿದ್ದು ಎಂಬುದನ್ನೂ ಆಗಲೇ ಹೇಳಿ.

ನೋವು ಉಗುರಿನ ಅಂಚು ಬಿಟ್ಟು ಬೆರಳ ತುದಿಯ ಮೆತ್ತನೆಯ ಭಾಗಕ್ಕೆ ಇಳಿದಿದ್ದರೆ ಅದು ಬೇರೆಯದೇ ಬಾವು, ಅದಕ್ಕೆ ಒಂದು ದಿನವೂ ಕಾಯಬಾರದು. ಅಲ್ಲಿ ಒಳಗೆಲ್ಲ ಸಣ್ಣ ಸಣ್ಣ ಗೂಡುಗಳು. ಕೀವು ಹೊರಬರಲು ದಾರಿಯಿಲ್ಲದೆ ಒತ್ತಡ ಏರಿ, ರಕ್ತ ನಿಂತು, ಮೂಳೆಗೇ ನಂಜು ಹತ್ತಬಹುದು. ಜ್ವರ, ಕೈಮೇಲೆ ಏರುವ ಕೆಂಪು ಗೆರೆ, ಬೆರಳು ಮಡಚಲಾಗದಿರುವುದು, ಇವೂ ಅಂಥದೇ ಸೂಚನೆ. ಸಕ್ಕರೆ ಕಾಯಿಲೆಯವರು ಮೊದಲ ದಿನವೇ ತೋರಿಸಬೇಕು. ಅವರಿಗೆ ನೀರಿನ ಬಿಸಿಯೂ ಸರಿಯಾಗಿ ಗೊತ್ತಾಗದೆ ಬೆರಳು ಸುಡಬಹುದು. ನಮ್ಮ ಪಕ್ಕದ ಹಳ್ಳಿಯ ಅಜ್ಜಿಯೊಬ್ಬರು ಸಕ್ಕರೆ ಇದ್ದೂ ಹತ್ತು ದಿನ ಸೊಪ್ಪು ಕಟ್ಟಿಕೊಂಡರು, ಕೊನೆಗೆ ತೋರುಬೆರಳಿನ ತುದಿ ತೆಗೆಯಬೇಕಾಯಿತು. ಈಗ ಶೇಂಗಾ ಸುಲಿಯುವಾಗ ಆ ಬೆರಳು ಮಡಚಿಟ್ಟುಕೊಳ್ಳುತ್ತಾರೆ.

'ಆಸ್ಪತ್ರೆಯಲ್ಲಿ ತೆಲುಗು ಕೇಳ್ತಾರಪ್ಪಾ, ನಂಗೆ ಹೇಳೋಕೆ ಬರಲ್ಲ' ಎಂದಿದ್ದರು ಅವರು. ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ (2022ರವರೆಗೆ ಅನಂತಪುರ) ಇಂಥ ಹಿರಿಯರು ಇನ್ನೂ ಇದ್ದಾರೆ. ಅವರಿಗಾಗಿ ಹೇಳುತ್ತೇನೆ. ನಮ್ಮ ಕೀವು ತೆಲುಗಿನ ಚೀಮು, ನಮ್ಮ ಬಾವು ಅವರ ವಾಪು, ಸಿಡಿತಕ್ಕೆ ಸಲುಪು. ಮೊದಲ ಎರಡು ಜೋಡಿ ಅಕ್ಕತಂಗಿಯರ ಹಾಗೆ ಒಂದೇ ಮೂಲದವು. 'ಗೋರುಚುಟ್ಟು, ಚೀಮು, ಷುಗರ್ ಉಂದಿ' ಎಂದರೆ ಡಾಕ್ಟರಿಗೆ ಬೇಕಾದ್ದೆಲ್ಲ ಬಂತು.

ಹೋಟೆಲಿನಲ್ಲಿ, ಮನೆಯಲ್ಲಿ ಪಾತ್ರೆ ತೊಳೆಯುವವರಿಗೆ ಒಂದು ಮಾತು. ಒಂದೂವರೆ ತಿಂಗಳು ದಾಟಿದರೂ ಉಗುರ ಬುಡ ಊದಿಕೊಂಡೇ ಇದ್ದರೆ ಅದು ನೀರಿನ ಸಹವಾಸದಿಂದ ಬಂದದ್ದು, ಬೂಷ್ಟಿನಂಥ ಕ್ರಿಮಿಯೂ ಸೇರಿರುತ್ತದೆ. ಕೈ ಒಣಗಿರುವುದೇ ಅದಕ್ಕೆ ಮೊದಲ ಮದ್ದು. ಕೆಲಸ ಮುಗಿದೊಡನೆ ಒರೆಸಿಕೊಳ್ಳಿ, ಸಾಧ್ಯವಾದರೆ ಗ್ಲೌಸು ಹಾಕಿಕೊಳ್ಳಿ. ಉಗುರನ್ನು ತೀರಾ ಒಳಕ್ಕೆ ಕತ್ತರಿಸಬೇಡಿ, ಅಂಚಿನ ಸಿಪ್ಪೆ ಕೀಳಬೇಡಿ.