ನೃತ್ಯದ ತರಗತಿಯಲ್ಲಿ ಮಕ್ಕಳ ಸುರಕ್ಷತೆ: ಪಾಠಯೋಜನೆಯಲ್ಲಿ ಬರೆದುಕೊಳ್ಳಬೇಕಾದದ್ದು

ಅಭ್ಯಾಸ ಬೋಧನೆಗೆ ಹೋಗಿದ್ದ ಪ್ರೌಢಶಾಲೆಯಲ್ಲಿ ವಾರ್ಷಿಕೋತ್ಸವದ ತಯಾರಿ ನಡೆದಿತ್ತು. ನನ್ನ ಬೋಧನಾ ವಿಷಯ ಭೌತಶಾಸ್ತ್ರ. ಆದರೂ ಒಂಬತ್ತನೇ ತರಗತಿಯ ಕೋಲಾಟದ ತಂಡ ನನ್ನ ಪಾಲಿಗೆ ಬಂತು. ನಾಲ್ಕನೇ ದಿನ ಒಬ್ಬ ಹುಡುಗಿ ಕುಂಟುತ್ತಿದ್ದಳು. ಕೇಳಿದರೆ "ಏನಿಲ್ಲ ಮಿಸ್" ಎಂದಳು. ನೋಡಿದರೆ ಪಾದದ ಕೀಲು ಊದಿತ್ತು. ಉಳುಕಿ ಎರಡು ದಿನವಾಗಿತ್ತು. "ಹೇಳಿದ್ರೆ ತಂಡದಿಂದ ತೆಗೀತೀರಿ ಅಂತ ಸುಮ್ಮನಿದ್ದೆ ಮಿಸ್" ಎಂದಳು. ನನ್ನ ಯೋಜನೆಯಲ್ಲಿ ಹಾಡು, ಹೆಜ್ಜೆ, ಸಾಲು ಎಲ್ಲ ಇದ್ದವು. ನೋವಾದ ಮಗು ಏನು ಮಾಡಬೇಕು ಎಂಬುದು ಮಾತ್ರ ಇರಲಿಲ್ಲ. ಆಮೇಲೆ ನಾನು ಸೇರಿಸಿಕೊಂಡ ಅಂಶಗಳು ಇವು.

ನೆಲ ಮತ್ತು ಜಾಗ: ಹೆಚ್ಚಿನ ಶಾಲೆಗಳಲ್ಲಿ ಅಭ್ಯಾಸ ನಡೆಯುವುದು ಸಿಮೆಂಟ್ ವೇದಿಕೆ ಅಥವಾ ಅಂಗಳದಲ್ಲಿ. ಮೊದಲು ಕಸ, ಕಲ್ಲು, ನೀರು ತೆಗೆಸಬೇಕು. ಜಮಖಾನ ಹಾಸಿ ಕುಣಿಸಿದರೆ ಅದು ಸರಿಯುತ್ತದೆ. ಕಾಲುಚೀಲದಲ್ಲಿ ಕುಣಿದರೆ ಜಾರುತ್ತದೆ. ಕೋಲಾಟದಲ್ಲಿ ಕೋಲು ಹಿಡಿದು ಕೈ ಚಾಚಿದರೂ ಪಕ್ಕದವರಿಗೆ ತಾಗದಷ್ಟು ಅಂತರದಲ್ಲಿ ಹೆಜ್ಜೆ ಕಲಿಸಿ, ಆಮೇಲೆ ಹತ್ತಿರ ತರಬೇಕು. ಸಿಬಿರೆದ್ದ ಕೋಲು ಬೇಡ.

ಮೈ ಬಿಸಿಯಾಗಲಿ: 40 ನಿಮಿಷದ ಅವಧಿಯಲ್ಲಿ ಮೊದಲ 7-8 ನಿಮಿಷ ನಿಧಾನ ನಡಿಗೆ, ನಿಂತಲ್ಲೇ ಓಟ, ಕೀಲುಗಳನ್ನು ತಿರುಗಿಸುವುದು ಇರಲಿ. ನಡುವೆ ನೀರು ಕುಡಿಯಲು ಬಿಡುವು ಕೊಡಬೇಕು.

ಜಿಗಿತದ ಲೆಕ್ಕ: 40 ಕಿಲೋ ತೂಕದ ಮಗು 20 ಸೆಂಟಿಮೀಟರ್ ಮೇಲಿಂದ ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ ಸುಮಾರು 2 ಮೀಟರ್, ಸಂವೇಗ 80 ಕಿಲೋಗ್ರಾಂ-ಮೀಟರ್/ಸೆಕೆಂಡ್. ಮೊಣಕಾಲು ಸೆಟೆದು 0.05 ಸೆಕೆಂಡಿನಲ್ಲಿ ನಿಂತರೆ, ತಡೆಯುವ ನಿವ್ವಳ ಬಲ ಸರಾಸರಿ 1600 ನ್ಯೂಟನ್. ಮೊಣಕಾಲು ಬಗ್ಗಿಸಿ 0.2 ಸೆಕೆಂಡಿನಲ್ಲಿ ನಿಂತರೆ ಅದು 400 ನ್ಯೂಟನ್. ಈ ಲೆಕ್ಕವನ್ನು ಒಂಬತ್ತನೇ ತರಗತಿಯವರಿಗೇ ಹಾಕಲು ಕೊಟ್ಟೆ. ಮರುದಿನದಿಂದ "ಮೊಣಕಾಲು ಬಗ್ಗಿಸಿ" ಎಂದು ಕೂಗುವ ಅಗತ್ಯ ಕಡಿಮೆಯಾಯಿತು. ಬಗ್ಗಿಸುವಾಗ ಮೊಣಕಾಲು ಪಾದದ ಬೆರಳುಗಳ ದಿಕ್ಕಿನಲ್ಲೇ ಇರಬೇಕು. ಭರತನಾಟ್ಯದ ಅರೆಮಂಡಿಗೂ ಇದೇ ನಿಯಮ.

ಉಳುಕಿದಾಗ: ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದ್ವಸ್ಥಿಯ ಬೆಳವಣಿಗೆಯ ಪದರವಿರುತ್ತದೆ. ದೊಡ್ಡವರಲ್ಲಿ ಬರೀ ಉಳುಕಾಗುವ ಪೆಟ್ಟು ಮಕ್ಕಳಲ್ಲಿ ಆ ಪದರಕ್ಕೆ ಹಾನಿ ಮಾಡಬಹುದು. ಆದ್ದರಿಂದ ಎಳೆಯುವುದು, ಎಣ್ಣೆ ಹಚ್ಚಿ ನೀವುವುದು ಬೇಡ. ಕುಣಿತ ನಿಲ್ಲಿಸಿ, ಕಾಲನ್ನು ಎತ್ತರದಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15-20 ನಿಮಿಷ ಇಡಬೇಕು. ಮಗು ನಾಲ್ಕು ಹೆಜ್ಜೆ ನಡೆಯಲಾರದಿದ್ದರೆ ಅಥವಾ ಮೂಳೆಯನ್ನು ಒತ್ತಿದಾಗ ನೋವಿದ್ದರೆ ಪೋಷಕರಿಗೆ ತಿಳಿಸಿ ತಡಮಾಡದೆ ವೈದ್ಯರಲ್ಲಿಗೆ ಕಳಿಸಬೇಕು.

ಮುಟ್ಟುವ ಮುನ್ನ: ಭಂಗಿಯನ್ನು ಮೊದಲು ಮಾತಿನಲ್ಲಿ ಹೇಳಿ, ಮಾಡಿ ತೋರಿಸಿ ತಿದ್ದಬೇಕು. ಮುಟ್ಟಲೇಬೇಕಾದರೆ ಎಲ್ಲರ ಎದುರು, "ಕೈ ಹಿಡಿದು ತೋರಿಸಲಾ?" ಎಂದು ಕೇಳಿ, ಬೇಡವೆಂದರೆ ಬಿಡಬೇಕು. ಬಟ್ಟೆ ಬದಲಿಸಲು ಹುಡುಗಿಯರಿಗೂ ಹುಡುಗರಿಗೂ ಬೇರೆ ಬೇರೆ ಕೋಣೆ ಬೇಕು. ಅಲ್ಲಿ ಮೊಬೈಲ್ ಕೂಡದು.

ಇಷ್ಟೆಲ್ಲ ಇದ್ದರೂ ಮಗು ನೋವನ್ನು ಮುಚ್ಚಿಟ್ಟರೆ ಪ್ರಯೋಜನವಿಲ್ಲ. ಈಗ ಮೊದಲ ದಿನವೇ ಎರಡು ಮಾತು ಹೇಳುತ್ತೇನೆ: ನೋವಾದರೆ ಕೈ ಎತ್ತಿ ಪಕ್ಕಕ್ಕೆ ಬನ್ನಿ, ನಿಮ್ಮ ಜಾಗ ನಿಮಗೇ ಇರುತ್ತದೆ. ಪಕ್ಕಕ್ಕೆ ಬಂದವರು ತಾಳ ಹಾಕುತ್ತಾರೆ, ಹಾಡುತ್ತಾರೆ. ಆ ಹುಡುಗಿ ವೈದ್ಯರು ಹೇಳಿದಷ್ಟು ದಿನ ಕುಣಿಯಲಿಲ್ಲ, ತಾಳ ಹಾಕಿದಳು. ವಾರ್ಷಿಕೋತ್ಸವದ ದಿನವೂ ವೇದಿಕೆಯ ಮೇಲೆ ತಾಳ ಅವಳದೇ. ಕೊಟ್ಟ ಮಾತನ್ನು ಉಳಿಸಿಕೊಂಡ ಮೇಲೆ ಇನ್ನಿಬ್ಬರು ತಾವಾಗಿಯೇ ಬಂದು ಮೊಣಕಾಲು ನೋವು ಎಂದರು. ನಮ್ಮ ಪಾಠಯೋಜನೆಯ ನಮೂನೆಯಲ್ಲಿ "ಸುರಕ್ಷತೆ" ಎಂಬ ಒಂದು ಕಾಲಂ ಸೇರಿಸಬಹುದೇ ಎಂದು ಗುರುಗಳಲ್ಲಿ ನನ್ನ ವಿನಂತಿ.