ಆಷಾಢದ ಕಾರವಾರ

ವೆನಿಸ್ ನಗರವನ್ನು ಬಲ್ಲವರು ಬೇಸಗೆಯ ಜನಜಂಗುಳಿಯನ್ನು ವರ್ಜಿಸಿ, ಉಬ್ಬರದ ನೀರು ಸಂತ ಮಾರ್ಕನ ಚೌಕಕ್ಕೆ ನುಗ್ಗಿ ಜನರು ಹಲಗೆಗಳ ಮೇಲೆ ನಡೆದಾಡಬೇಕಾಗುವ ಚಳಿಗಾಲದಲ್ಲಿಯೇ ಅಲ್ಲಿಗೆ ಹೋಗುವುದುಂಟು. ನಮ್ಮ ಕಾರವಾರಕ್ಕೂ ಅಂತಹದೊಂದು ಅಕಾಲವುಂಟು. ಜೂನ್ 1ರಿಂದ ಯಾಂತ್ರಿಕ ದೋಣಿಗಳಿಗೆ 61 ದಿನಗಳ ನಿಷೇಧ ಬಿದ್ದು, ಬೈತಖೋಲ ಬಂದರಿನಲ್ಲಿ ಅವು ಮಗ್ಗುಲಿಗೆ ಮಗ್ಗುಲು ತಾಗಿ ನಿಂತು, ಹಬ್ಬುವಾಡದ ಹಳೆಯ ಮನೆಗಳ ಜಗಲಿಗೆ ಮಡಲಿನ ತಟ್ಟಿ ಏರಿ, ಪೇಟೆಯಲ್ಲಿ ಹಸಿಮೀನಿನ ಸ್ಥಾನವನ್ನು ಒಣಬಂಗಡೆಯು ಆಕ್ರಮಿಸಿದಾಗ, ವಸತಿಗೃಹದವರು ಬಾಡಿಗೆ ಇಳಿಸಿ ಅತಿಥಿಗಳ ದಾರಿ ಕಾಯುತ್ತಾರೆ. ಇತಿಹಾಸವನ್ನರಸುವವನು ಬರಬೇಕಾದದ್ದು ಆಗಲೇ ಎಂದು ನನ್ನ ಮತ.

ಏಕೆಂದರೆ ಈ ಊರಿನ ಪೂರ್ವಚರಿತ್ರೆಯನ್ನು ಆಳಿದುದು ಮಳೆಯೇ. 1638ರಲ್ಲಿ ಕೋರ್ಟೀನನ ಆಂಗ್ಲ ವರ್ತಕಸಂಘವು ಕಾಳಿ ನದಿಯ ದಂಡೆಯ ಹಳೆಯ ಕಾರವಾರದಲ್ಲಿ ಕೋಠಿಯನ್ನು ತೆರೆದು ಹುಬ್ಬಳ್ಳಿಯ ಕಡೆಯ ನವುರಾದ ಮಲ್ಮಲ್ ಬಟ್ಟೆಯನ್ನೂ ಘಟ್ಟದ ಮೆಣಸನ್ನೂ ಹಡಗಿಗೇರಿಸುತ್ತಿದ್ದಾಗ, ಹಾಯಿಯನ್ನೇ ನಂಬಿದ ಆ ಹಡಗುಗಳು ನೈಋತ್ಯದ ಗಾಳಿ ಎದ್ದ ಮೇಲೆ ಈ ತೀರವನ್ನು ಸಮೀಪಿಸುತ್ತಿರಲಿಲ್ಲ. ಬಿಣಗಾದ ಎದುರಿನ ಅಂಜುದೀವ್ ದ್ವೀಪದ ಕಥೆ ಇನ್ನೂ ದಾರುಣವಾದುದು. ಆಂಗ್ಲರ ಪರವಾಗಿ ಮುಂಬಯಿಯನ್ನು ವಶಪಡಿಸಿಕೊಳ್ಳಲೆಂದು ಬಂದ ಅಬ್ರಹಾಂ ಶಿಪ್‌ಮನ್, ಪೋರ್ತುಗೀಜರು ಅದನ್ನು ಬಿಟ್ಟುಕೊಡಲು ಒಪ್ಪದಿರಲು, 1662ರಿಂದ ತನ್ನ ಸೈನ್ಯದೊಡನೆ ಆ ಬೋಳು ದ್ವೀಪದಲ್ಲಿ ಬೀಡುಬಿಟ್ಟನು. ಮಳೆ, ರೋಗ, ಆಹಾರಾಭಾವಗಳಿಗೆ ಸಿಕ್ಕಿ ಬಹುಪಾಲು ಸೈನಿಕರು ಅಳಿದರು, 1664ರಲ್ಲಿ ಅವನೂ ತೀರಿಕೊಂಡನು. ಮುಂಬಯಿಯು ಆಂಗ್ಲರ ಕೈಸೇರಿದುದು ಮರುವರ್ಷ, ಉಳಿದ ಬೆರಳೆಣಿಕೆಯ ಮಂದಿಯ ಮೂಲಕ. ಮಾಘದ ತಿಳಿಬಿಸಿಲಿನಲ್ಲಿ ಅದೇ ದ್ವೀಪವನ್ನು ದೂರದಿಂದ ಕಂಡವನು, ಇಷ್ಟು ರಮ್ಯವಾದ ಸ್ಥಳದಲ್ಲಿ ಸಾಯುವುದೇಕೆ ಎಂದು ಕೇಳಿಯಾನು; ಆಷಾಢದಲ್ಲಿ ಕಂಡವನು ಕೇಳಲಾರ.

ಕಾರವಾರದ ಕೀರ್ತಿಯನ್ನು ಹರಡಿದ ಲೇಖನಿ ಮಾತ್ರ ಪ್ರಸನ್ನ ಋತುವಿನದು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ತರುಣ ರವೀಂದ್ರನಾಥರು ಬಂದುಳಿದು ಬೆಳದಿಂಗಳಿನಲ್ಲಿ ದೋಣಿಯೇರಿ ಕಾಳಿಯಲ್ಲಿ ವಿಹರಿಸಿದರು. ‘ಪ್ರಕೃತಿರ್ ಪ್ರತಿಶೋಧ’ ನಾಟಕವನ್ನು ಬರೆದುದೂ ಇಲ್ಲಿಯೇ. ಕಡಲತೀರಕ್ಕೆ ಅವರ ಹೆಸರಿಟ್ಟಿರುವುದು ಯುಕ್ತವೇ. ಆದರೆ ಸೋದೆಯ ಅರಸರು ಕಟ್ಟಿಸಿದ ಸದಾಶಿವಗಡವನ್ನು ಮಳೆ ಹೊಳವಾದ ಗಳಿಗೆಯಲ್ಲಿ ಏರಿ ನಿಂತರೆ ಕಾಣುವ ಕಾಳಿಯೇ ಬೇರೆ: ಕದ್ರಾ ಅಣೆಕಟ್ಟಿನ ಗೇಟು ತೆರೆದ ದಿನಗಳಲ್ಲಿ ಘಟ್ಟದ ಮಣ್ಣನ್ನು ಹೊತ್ತ ಕೆಂಪುನೀರು ಅಳಿವೆಯನ್ನು ದಾಟಿ, ಬೂದಿಬಣ್ಣದ ಕಡಲಿನೊಳಗೆ ಬಹುದೂರದವರೆಗೆ ಬೆರೆಯದೆ ನುಗ್ಗುತ್ತಿರುತ್ತದೆ. ನದೀಮುಖದಲ್ಲಿ ಕೋಟೆಯೇಕೆ ಬೇಕಾಯಿತೆಂಬುದನ್ನು ಆಗ ಯಾರೂ ವಿವರಿಸಬೇಕಾಗಿಲ್ಲ.

ಈ ಋತುವಿನ ಪ್ರವಾಸಕ್ಕೆ ಎಚ್ಚರವೂ ಬೇಕು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿದು ಹಲವರು ಪ್ರಾಣ ತೆತ್ತರು. ಮುಂದಿನ ತಿಂಗಳು ಕಾಳಿಯ ಹಳೆಯ ಸೇತುವೆ ನಡುರಾತ್ರಿ ಮುರಿದುಬಿತ್ತು. ಜಿಲ್ಲಾಡಳಿತದ ಸೂಚನೆ ನೋಡದೆ ಹೊರಡುವುದು ರಸಿಕತೆಯಲ್ಲ. ಕಡಲಿಗಿಳಿಯುವ ಮಾತಂತೂ ಬೇಡ. ಕೂರ್ಮಗಡ ದ್ವೀಪದ ನರಸಿಂಹನ ದರ್ಶನವೂ ಬೇಕೆನ್ನುವವರು ಪುಷ್ಯದ ಹುಣ್ಣಿಮೆಯ ಜಾತ್ರೆಗೆ ಇನ್ನೊಮ್ಮೆ ಬರಬೇಕು. ಭಕ್ತರನ್ನೂ ಅವರ ಬಾಳೆಗೊನೆಗಳನ್ನೂ ದ್ವೀಪಕ್ಕೆ ದಾಟಿಸುವುದು ಆಗ ಮೀನುಗಾರರ ದೋಣಿಗಳೇ.