ಲೈಂಗಿಕ ಕ್ರಿಯೆಯ ವ್ಯಾಖ್ಯೆ (ನೀತಿಶಾಸ್ತ್ರ)

ಲೈಂಗಿಕ ಕ್ರಿಯೆಯ ವ್ಯಾಖ್ಯೆಯು ಲೈಂಗಿಕ ನೀತಿಶಾಸ್ತ್ರದ ಮೂಲಭೂತ ಪ್ರಶ್ನೆಗಳಲ್ಲಿ ಒಂದು. ಯಾವ ವರ್ತನೆ ಲೈಂಗಿಕವಾದುದು ಎಂಬುದು ನಿರ್ಣಯವಾಗದೆ ನಿಷ್ಠೆ, ಬ್ರಹ್ಮಚರ್ಯ, ಸಮ್ಮತಿ, ದೌರ್ಜನ್ಯ ಮೊದಲಾದ ಪದಗಳ ಅರ್ಥವೂ ಸ್ಪಷ್ಟವಾಗುವುದಿಲ್ಲ. ಭಾರತೀಯ ತರ್ಕಶಾಸ್ತ್ರವು ಲಕ್ಷಣಕ್ಕೆ ಹೇಳುವ ಅವ್ಯಾಪ್ತಿ ಹಾಗೂ ಅತಿವ್ಯಾಪ್ತಿ ದೋಷಗಳು ಇಲ್ಲಿಯೂ ಎದುರಾಗುತ್ತವೆ. ವ್ಯಾಖ್ಯೆ ಕಿರಿದಾದರೆ ಸೇರಬೇಕಾದುದು ಹೊರಗುಳಿಯುತ್ತದೆ. ಹಿರಿದಾದರೆ ಸೇರಬಾರದ್ದು ಒಳಗೆ ಬರುತ್ತದೆ.

ಬಳಕೆಯಲ್ಲಿರುವ ಅರ್ಥ

ಜನಬಳಕೆಯಲ್ಲಿ ಈ ಪದಕ್ಕೆ ಏಕರೂಪದ ಅರ್ಥವಿಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ 599 ವಿದ್ಯಾರ್ಥಿಗಳನ್ನು 1991ರಲ್ಲಿ ಈ ಕುರಿತು ಪ್ರಶ್ನಿಸಲಾಯಿತು. ಅವರಲ್ಲಿ ಶೇಕಡ 59ರಷ್ಟು ಮಂದಿ ಮುಖಮೈಥುನವನ್ನು ಲೈಂಗಿಕ ಸಂಬಂಧವೆಂದು ಪರಿಗಣಿಸಲಿಲ್ಲ. ಈ ಫಲಿತಾಂಶ ಪ್ರಕಟವಾದುದು 1999ರಲ್ಲಿ, ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಮಹಾಭಿಯೋಗದ ಸಂದರ್ಭದಲ್ಲಿ. ಆ ಪ್ರಕರಣದಲ್ಲಿಯೂ 'ಲೈಂಗಿಕ ಸಂಬಂಧ' ಎಂಬ ಪದದ ಅರ್ಥವೇ ವಿವಾದದ ವಿಷಯವಾಗಿತ್ತು.

ಪ್ರಮುಖ ವ್ಯಾಖ್ಯೆಗಳು

ಸಂತಾನೋತ್ಪತ್ತಿಯನ್ನು ಆಧರಿಸಿದ ವ್ಯಾಖ್ಯೆಯು ಸಲಿಂಗ ಸಂಬಂಧಗಳನ್ನು ಹೊರಗಿಡುತ್ತದೆ. ಕೃತಕ ಗರ್ಭಧಾರಣೆಯನ್ನು ಮಾತ್ರ ಒಳಗೊಳ್ಳುತ್ತದೆ. ಜನನಾಂಗದ ಸ್ಪರ್ಶವನ್ನೇ ಲಕ್ಷಣವೆಂದರೆ ವೈದ್ಯಕೀಯ ತಪಾಸಣೆಯೂ ಅದರಲ್ಲಿ ಸೇರಿಬಿಡುತ್ತದೆ.

ಥಾಮಸ್ ನೇಗಲ್ 1969ರ ತಮ್ಮ ಲೇಖನದಲ್ಲಿ, ಇಬ್ಬರು ಪರಸ್ಪರರ ಕಾಮೋದ್ರೇಕವನ್ನು ಅರಿತು ಅದಕ್ಕೆ ಸ್ಪಂದಿಸುವುದೇ ಪರಿಪೂರ್ಣ ಕಾಮದ ಸ್ವರೂಪವೆಂದು ವಾದಿಸಿದರು. ಅಲನ್ ಗೋಲ್ಡ್‌ಮನ್ 1977ರಲ್ಲಿ ಸಂತಾನ, ಪ್ರೇಮ, ಸಂವಹನ ಮುಂತಾದ ಯಾವ ಗುರಿಯನ್ನೂ ವ್ಯಾಖ್ಯೆಯೊಳಗೆ ತರಬಾರದೆಂದರು. ಅವರ ಮತದಂತೆ ಕಾಮವೆಂದರೆ ಮತ್ತೊಬ್ಬರ ದೇಹದ ಸಂಪರ್ಕವನ್ನೂ ಅದರಿಂದ ದೊರೆಯುವ ಸುಖವನ್ನೂ ಬಯಸುವುದು. ಆ ಬಯಕೆಯನ್ನು ತಣಿಸುವಂಥದು ಲೈಂಗಿಕ ಕ್ರಿಯೆ. ಕಾಮಕ್ಕೆ ಪ್ರತ್ಯೇಕ ನೀತಿಯಿಲ್ಲ, ಇತರ ವ್ಯವಹಾರಗಳಿಗೆ ಅನ್ವಯಿಸುವ ನೀತಿಯೇ ಇದಕ್ಕೂ ಸಾಕು ಎಂಬುದು ಅವರ ನಿಲುವು. ಸ್ಪರ್ಶವಿಲ್ಲದೆ ದೂರವಾಣಿಯಲ್ಲಿ ನಡೆಯುವ ಕಾಮಸಂಭಾಷಣೆ ಈ ವ್ಯಾಖ್ಯೆಗೆ ಸುಲಭವಾಗಿ ಒಳಪಡುವುದಿಲ್ಲ.

ವಿವರಣೆ ಮತ್ತು ಮೌಲ್ಯನಿರ್ಣಯ

ಏನು ನಡೆಯಿತು ಎಂಬುದು ಒಂದು ಪ್ರಶ್ನೆ, ನಡೆದುದು ಸರಿಯೇ ಎಂಬುದು ಇನ್ನೊಂದು. ಸಮ್ಮತಿಯನ್ನೋ ಪ್ರೇಮವನ್ನೋ ವ್ಯಾಖ್ಯೆಯಲ್ಲಿಯೇ ಸೇರಿಸಿದರೆ ತಪ್ಪಾದ ಲೈಂಗಿಕ ಕ್ರಿಯೆ ಎಂಬುದೇ ಇಲ್ಲದಂತಾಗುತ್ತದೆ. ಸ್ತ್ರೀವಾದಿ ಚಿಂತನೆಯಲ್ಲಿ ಈ ಕುರಿತು ಭಿನ್ನಾಭಿಪ್ರಾಯವಿದೆ. ಸೂಸನ್ ಬ್ರೌನ್‌ಮಿಲರ್ 1975ರ ತಮ್ಮ ಗ್ರಂಥದಲ್ಲಿ ಅತ್ಯಾಚಾರವನ್ನು ಕಾಮಕ್ಕಿಂತ ಮಿಗಿಲಾಗಿ ಅಧಿಕಾರ ಮತ್ತು ಹಿಂಸೆಯ ಕೃತ್ಯವೆಂದು ಕಂಡರು. ಹಿಂಸೆಯನ್ನು ಕಾಮದಿಂದ ಹೀಗೆ ಬೇರ್ಪಡಿಸಿದರೆ, ಸಾಮಾನ್ಯವೆನಿಸಿದ ಸಂಬಂಧಗಳೊಳಗಿನ ಬಲವಂತ ಮರೆಯಾಗುತ್ತದೆ ಎಂದು ಕ್ಯಾಥರೀನ್ ಮ್ಯಾಕಿನನ್ ಆಕ್ಷೇಪಿಸಿದರು.

ಭಾರತದ ಕಾನೂನಿನಲ್ಲಿ

ಭಾರತೀಯ ದಂಡ ಸಂಹಿತೆಯ 375ನೆಯ ಕಲಮು ಬಹುಕಾಲ ಯೋನಿ ಸಂಭೋಗವೊಂದನ್ನೇ ಅತ್ಯಾಚಾರದ ವ್ಯಾಪ್ತಿಗೆ ತಂದಿತ್ತು. ಆ ಅರ್ಥವನ್ನು ವಿಸ್ತರಿಸಬೇಕೆಂಬ ಕೋರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2004ರ 'ಸಾಕ್ಷಿ' ಪ್ರಕರಣದಲ್ಲಿ ಒಪ್ಪಲಿಲ್ಲ. 2013ರ ತಿದ್ದುಪಡಿಯು ಇತರ ಬಗೆಯ ಪ್ರವೇಶಗಳನ್ನೂ ವಸ್ತುಗಳ ಬಳಕೆಯನ್ನೂ ಸೇರಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮಿನಲ್ಲಿ ಈ ವಿಸ್ತೃತ ಅರ್ಥವೇ ಮುಂದುವರಿದಿದೆ. ಹದಿನೆಂಟು ತುಂಬಿದ ಪತ್ನಿಯೊಡನೆ ಪತಿಯ ಸಂಭೋಗಕ್ಕೆ ಇರುವ ವಿನಾಯಿತಿಯೂ ಉಳಿದಿದೆ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ವಿಷಯದಲ್ಲಿಯೂ ವ್ಯಾಖ್ಯೆ ನಿರ್ಣಾಯಕವಾಯಿತು. ಬಟ್ಟೆಯ ಮೇಲಿನಿಂದ ಬಾಲಕಿಯನ್ನು ಮುಟ್ಟಿದ ಪ್ರಕರಣದಲ್ಲಿ, ಚರ್ಮಕ್ಕೆ ಚರ್ಮ ತಾಗಿಲ್ಲವೆಂಬ ಕಾರಣದಿಂದ ಅದು ಆ ಕಾಯ್ದೆಯನ್ವಯ ಲೈಂಗಿಕ ಹಲ್ಲೆಯಲ್ಲ ಎಂದು ಬಾಂಬೆ ಉಚ್ಚ ನ್ಯಾಯಾಲಯದ ನಾಗಪುರ ಪೀಠವು 2021ರ ಜನವರಿಯಲ್ಲಿ ತೀರ್ಪಿತ್ತಿತು. ಅದೇ ವರ್ಷ ನವೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿ, ಚರ್ಮದ ಸ್ಪರ್ಶವಲ್ಲ, ಲೈಂಗಿಕ ಉದ್ದೇಶವೇ ಮುಖ್ಯವೆಂದು ಸಾರಿತು.